ಚೊಗರಿನ ಕಲೆ ಹೋಗದು, ನೇಯುವ ಕೈ?

ಸಾಗರ: ಅಡಿಕೆ ಬೇಯಿಸುವ ಮನೆಯಲ್ಲಿ ಚೊಗರು ಪಂಚೆಗೆ ತಾಗಿತೋ, ಮುಗೀತು. ಎಷ್ಟು ಉಜ್ಜಿದರೂ ಕಲೆ ಹೋಗೋದಿಲ್ಲ. ಮಲೆನಾಡಿನ ಹೆಂಗಸರು ಬೈದುಕೊಂಡೇ ಒಗೆದ ಈ ಕಲೆ ಹೆಗ್ಗೋಡು ಹತ್ತಿರದ ಭೀಮನಕೋಣೆಯಲ್ಲಿ ಅನ್ನದ ದಾರಿಯಾಯಿತು.

ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಹುಟ್ಟಿದ 'ಚರಕ' ಮಹಿಳಾ ಸಹಕಾರ ಸಂಘ ಈ ಚೊಗರನ್ನೇ ಬಣ್ಣದ ಹಂಡೆಗೆ ಸುರಿಯಿತು. ಹತ್ತಿ ನೂಲು ಕೆಂಗಂದು ಬಣ್ಣಕ್ಕೆ ತಿರುಗಿತು. ದಾಳಿಂಬೆ ಸಿಪ್ಪೆಯೂ ಬಣ್ಣವಾಯಿತು. ಕೈಮಗ್ಗಕ್ಕೆ ಕರೆಂಟ್ ಬೇಕಿಲ್ಲ. ಕಾರ್ಖಾನೆ ಬಣ್ಣದ ನೀರು ಹಳ್ಳ ಸೇರುವ ಭಯವೂ ಇಲ್ಲ.

ಅದೆಲ್ಲಾ ಸರಿ, ರೇಟೆಷ್ಟು? ಗಿರಾಕಿ ಮೊದಲು ಕೇಳೋದೇ ಅದು. ಬಣ್ಣ ತೋಟದ್ದೇ ಇರಬಹುದು, ನೇಯುವ ಕೈಗೆ ಕೂಲಿ ಬೇಡವೇ? ಮಿಲ್ಲು ಗಂಟೆಯಲ್ಲಿ ಮುಗಿಸುವ ಬಟ್ಟೆಗೆ ಮಗ್ಗದಲ್ಲಿ ದಿನಗಟ್ಟಲೆ ಕೂರಬೇಕು. ಹೀಗಿದ್ದರೂ 2017ರ ಜುಲೈನಲ್ಲಿ ಬಂದ ಜಿಎಸ್‌ಟಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಿತು. ಮಿಲ್ಲಿನ ಹತ್ತಿ ಬಟ್ಟೆಗೂ ಶೇ. 5, ಕೈಮಗ್ಗದ್ದಕ್ಕೂ ಶೇ. 5! ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆಯೇ ಬೇಡ ಎಂದು ಪ್ರಸನ್ನ ಅದೇ ವರ್ಷ ಬೆಂಗಳೂರಿನಲ್ಲಿ ಉಪವಾಸ ಕೂತರು. 2020ರಲ್ಲಿ ಚರಕವೇ ಹಣದ ಮುಗ್ಗಟ್ಟಿಗೆ ಸಿಕ್ಕಿ ನಲುಗಿತು.

ಚೊಗರಿನ ಬಣ್ಣ ಗಟ್ಟಿ, ಅನುಮಾನವಿಲ್ಲ. ಆದರೆ ಕೊಳ್ಳುವವರು ಕೈಬಿಟ್ಟರೆ ನೇಯುವವರು ಎಷ್ಟು ದಿನ ಕೂತಾರು? ಹಬ್ಬಕ್ಕೆ ಅಂಗಿ ಬಟ್ಟೆ ತೆಗೆಯುವಾಗ, ಚೌಕಾಶಿಗೆ ಮುಂಚೆ, ಇದನ್ನೊಮ್ಮೆ ನೆನೆದರೆ ಸಾಕು.