ಕೇಳುವವರಿದ್ದ ಕಾಲೇಜು

ನ್ಯೂಯಾರ್ಕ್ ನಗರದಲ್ಲಿ 2010ರಲ್ಲಿ ರೈಲು ಮತ್ತು ಬಸ್ಸಿನ ತಿಂಗಳ ಪಾಸಿಗೆ 89 ಡಾಲರ್ ಇತ್ತು. ಆ ವರ್ಷದ ಕೊನೆಗೆ ಅದು 104 ಡಾಲರ್ ಆಯಿತು. ತಿಂಗಳ ಸಂಬಳ ಎಣಿಸುವವರಿಗೆ ಇದೇನೂ ದೊಡ್ಡ ಮೊತ್ತವಲ್ಲ. ಬ್ರಾಂಕ್ಸ್‌ನಲ್ಲೋ ಕ್ವೀನ್ಸ್‌ನಲ್ಲೋ ಬಾಡಿಗೆ ಮನೆಯಲ್ಲಿದ್ದು, ಸಂಜೆ ಅಂಗಡಿಯಲ್ಲಿ ದುಡಿದು, ಹಗಲು ಕಾಲೇಜಿಗೆ ಹೋಗುವ ಹುಡುಗಿಗೆ ಮಾತ್ರ ತಿಂಗಳು ತಿಂಗಳೂ ಇಷ್ಟು ಹಣ ಹೊಂದಿಸುವುದೇ ಒಂದು ಚಿಂತೆ. ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯ ಕೆಲವು ಸಾವಿರ ಬಡ ವಿದ್ಯಾರ್ಥಿಗಳಿಗೆ ಈ ಪಾಸನ್ನು ಉಚಿತವಾಗಿ ಕೊಡುತ್ತಿತ್ತು. ಜೊತೆಗೆ ಒಂದು ಷರತ್ತು ಇತ್ತು. ಮುಂದಿನ ತಿಂಗಳ ಪಾಸು ಬೇಕಾದರೆ, ನಿಮಗೆಂದೇ ನೇಮಿಸಿದ ಸಲಹೆಗಾರರ ಎದುರು ಕೂತು ಮಾತಾಡಿ ಹೋಗಬೇಕು.

ನಾನು ಬಹಳ ವರ್ಷ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಪಾಠ ಮಾಡಿದವನು. ಮೊದಲ ಸೆಮಿಸ್ಟರ್‌ನಲ್ಲಿ ಕ್ಲಾಸಿನ ತುಂಬ ಮಕ್ಕಳು ಇರುತ್ತಿದ್ದರು. ಕೊನೆಯ ವರ್ಷಕ್ಕೆ ಹಿಂದಿನ ಬೆಂಚುಗಳು ಖಾಲಿ. ಹೋದವರು ಎಲ್ಲಿಗೆ ಹೋದರು ಎಂದು ಹಾಜರಿ ಪುಸ್ತಕ ಹೇಳುವುದಿಲ್ಲ, ಹೆಸರಿನ ಮೇಲೆ ಒಂದು ಗೆರೆ ಬೀಳುತ್ತದೆ ಅಷ್ಟೆ. ಒಂದು ದಿನ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ತೂಕಕ್ಕೆ ಇಡುತ್ತಿದ್ದ ಹುಡುಗನೊಬ್ಬ ನನ್ನನ್ನು ಕಂಡು, ಕೈ ಒರೆಸಿಕೊಂಡು ನಮಸ್ಕಾರ ಮಾಡಿದ. ನಾಲ್ಕನೇ ಸೆಮಿಸ್ಟರ್‌ವರೆಗೆ ನನ್ನ ಕ್ಲಾಸಿನಲ್ಲಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದವನು. ಯಾಕಪ್ಪಾ ಬಿಟ್ಟೆ ಎಂದೆ. ಅಪ್ಪ ಬಿದ್ದು ಕಾಲು ಮುರಿದುಕೊಂಡಿದ್ದರು. ಆ ಗಡಿಬಿಡಿಯಲ್ಲಿ ಪರೀಕ್ಷಾ ಶುಲ್ಕ ಕಟ್ಟುವ ದಿನ ದಾಟಿತ್ತು. ದಂಡ ಸೇರಿಸಿ ಕಟ್ಟಲು ಕೈಯಲ್ಲಿ ದುಡ್ಡಿರಲಿಲ್ಲ. ‘ಯಾರನ್ನಾದರೂ ಕೇಳಬಹುದಿತ್ತಲ್ಲೋ?’ ಎಂದೆ. ‘ಯಾರನ್ನ ಕೇಳೋದು ಸಾರ್?’ ಎಂದ. ವಾರಕ್ಕೆ ನಾಲ್ಕು ಗಂಟೆ ಅವನ ಎದುರು ನಿಂತು ಪಾಠ ಹೇಳಿದ್ದ ನನಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ. ನ್ಯೂಯಾರ್ಕಿನವರ ಪಾಸು ಮತ್ತು ಷರತ್ತಿನ ಬಗ್ಗೆ ಓದಿದಾಗ ನನಗೆ ಮೊದಲು ನೆನಪಾದವನು ಅವನು.

ಆ ವಿಶ್ವವಿದ್ಯಾಲಯದ ಹೆಸರು ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್. ಊರವರ ಬಾಯಲ್ಲಿ ‘ಕ್ಯೂನಿ’. ಇಪ್ಪತ್ತೈದು ಕಾಲೇಜುಗಳ ದೊಡ್ಡ ಸಂಸ್ಥೆ. ಇದರ ಮೂಲ ಟೌನ್‌ಸೆಂಡ್ ಹ್ಯಾರಿಸ್ ಎಂಬ ವರ್ತಕರು ಪಟ್ಟು ಹಿಡಿದು 1847ರಲ್ಲಿ ಸ್ಥಾಪಿಸಿದ ಫ್ರೀ ಅಕಾಡೆಮಿಯಲ್ಲಿದೆ. ಹೆಸರೇ ಹೇಳುವಂತೆ ಬೋಧನಾ ಶುಲ್ಕವಿಲ್ಲದ ಕಾಲೇಜು. ಶ್ರೀಮಂತರ ಮಕ್ಕಳೂ ಕೂಲಿಯವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರಬೇಕು ಎಂಬುದು ಹ್ಯಾರಿಸ್ ಅವರ ಆಸೆಯಾಗಿತ್ತು. ವಲಸೆ ಬಂದವರ ಮಕ್ಕಳು, ದರ್ಜಿಗಳ ಮಕ್ಕಳು, ಬೀದಿ ವ್ಯಾಪಾರಿಗಳ ಮಕ್ಕಳು ಅಲ್ಲಿ ಓದಿ ಮೇಲೆ ಬಂದರು. 1976ರಲ್ಲಿ ನಗರದ ಖಜಾನೆ ಬರಿದಾದಾಗ ಆ ಉಚಿತ ಶಿಕ್ಷಣ ನಿಂತುಹೋಯಿತು.

ಅದಕ್ಕೂ ಮುಂಚೆ, 1970ರಲ್ಲಿ, ಕ್ಯೂನಿ ಇನ್ನೊಂದು ದೊಡ್ಡ ಹೆಜ್ಜೆ ಇಟ್ಟಿತ್ತು. ನಗರದ ಹೈಸ್ಕೂಲು ಮುಗಿಸಿದ ಪ್ರತಿಯೊಬ್ಬರಿಗೂ ತನ್ನ ಯಾವುದಾದರೂ ಕಾಲೇಜಿನಲ್ಲಿ ಸೀಟು ಎಂದು ಸಾರಿತ್ತು. ಕಪ್ಪು ಜನರ, ಪೋರ್ಟೊರಿಕೊ ಮೂಲದವರ ಮಕ್ಕಳು ಧರಣಿ ಕೂತು ಪಡೆದ ಹಕ್ಕು ಅದು. ಆದರೆ ಒಳಗೆ ಬಂದ ಎಷ್ಟೋ ಮಕ್ಕಳಿಗೆ ಇಂಗ್ಲಿಷಿನಲ್ಲಿ ಒಂದು ಪುಟ ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ, ಗಣಿತ ಅರ್ಧಕ್ಕೇ ನಿಂತಿತ್ತು. ಇಂಥವರಿಗೆಂದು ‘ಸೀಕ್’ ಎಂಬ ಕಾರ್ಯಕ್ರಮ 1966ರಲ್ಲೇ ಶುರುವಾಗಿತ್ತು. ಕೈಖರ್ಚಿಗೆ ಸ್ವಲ್ಪ ಹಣ, ಹೆಚ್ಚಿನ ಪಾಠ, ಜೊತೆಗೆ ಸಲಹೆಗಾರರು. ಏಡ್ರಿಯನ್ ರಿಚ್, ಆಡ್ರಿ ಲಾರ್ಡ್, ಜೂನ್ ಜೋರ್ಡನ್‌ರಂಥ ಕವಿಗಳು ಇದೇ ಸೀಕ್‌ನ ಮಕ್ಕಳಿಗೆ ಬರೆಯಲು ಕಲಿಸಿದರು. ಅವರ ಜೊತೆಗಿದ್ದ ಮೀನಾ ಶಾನೆಸಿ ಎಂಬ ಮೇಷ್ಟ್ರಮ್ಮ ವಿದ್ಯಾರ್ಥಿಗಳ ಸಾವಿರಾರು ಉತ್ತರಗಳನ್ನು ಮುಂದಿಟ್ಟುಕೊಂಡು, ತಪ್ಪುಗಳಿಗೂ ಒಂದು ಕ್ರಮವಿದೆ, ಆ ಕ್ರಮ ತಿಳಿದುಕೊಂಡರೆ ತಿದ್ದುವುದು ಸಾಧ್ಯ ಎಂದು 1977ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಕೆಂಪು ಶಾಯಿಯಲ್ಲಿ ಗೀಚಿ ಹಿಂದಿರುಗಿಸುವುದಷ್ಟೇ ಕೆಲಸ ಎಂದುಕೊಂಡಿದ್ದ ನನ್ನಂಥ ಅಧ್ಯಾಪಕರು ಆ ಪುಸ್ತಕವನ್ನು ಮೊದಲೇ ಓದಬೇಕಿತ್ತು.

ಈ ನೆಲದಲ್ಲೇ 2007ರಲ್ಲಿ ಹುಟ್ಟಿದ್ದು ನಾನು ಹೇಳಹೊರಟಿರುವ ಕಾರ್ಯಕ್ರಮ. ಅದನ್ನು ಎಎಸ್‌ಎಪಿ ಎನ್ನುತ್ತಾರೆ. ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಬಡತನ ತಗ್ಗಿಸಲೆಂದು ತೆರೆದಿದ್ದ ಕೇಂದ್ರ ಇದಕ್ಕೆ ಹಣ ಕೊಟ್ಟಿತು. ಕ್ಯೂನಿಯ ಕಮ್ಯುನಿಟಿ ಕಾಲೇಜುಗಳಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಇದೆ. ಅದು ಕೈಗೆ ಬಂದರೆ ನಾಲ್ಕು ವರ್ಷದ ಕಾಲೇಜಿಗೆ ಸೇರಿ ಮುಂದೆ ಓದಬಹುದು, ಇಲ್ಲವೇ ಕೆಲಸಕ್ಕೆ ಹೋಗಬಹುದು. ಎರಡು ವರ್ಷದ ಓದನ್ನು ಮೂರು ವರ್ಷವಾದರೂ ಮುಗಿಸದವರೇ ಹೆಚ್ಚು. ಐವರಲ್ಲಿ ಒಬ್ಬರು ಮುಗಿಸಿದರೆ ದೊಡ್ಡದು ಎಂಬ ಸ್ಥಿತಿ ಇತ್ತು. ಅರ್ಧದಷ್ಟು ಮಂದಿಯಾದರೂ ಮೂರು ವರ್ಷದೊಳಗೆ ಪದವಿ ಪಡೆಯಬೇಕು ಎಂದು ಎಎಸ್‌ಎಪಿಯವರು ಮೊದಲೇ ಗುರಿ ಹಾಕಿಕೊಂಡರು.

ಇಲ್ಲಿ ಯಾವುದೇ ಹೊಸ ಕಲ್ಪನೆ ಇಲ್ಲ. ವಿದ್ಯಾರ್ಥಿವೇತನ ಕಳೆದು ಉಳಿಯುವ ಶುಲ್ಕವನ್ನು ಕಾರ್ಯಕ್ರಮವೇ ತುಂಬಿಕೊಡುತ್ತದೆ. ಪಠ್ಯಪುಸ್ತಕ ಉಚಿತ. ಅಮೆರಿಕದಲ್ಲಿ ಪಠ್ಯಪುಸ್ತಕದ ಬೆಲೆ ಕೇಳಿದರೆ ನಮ್ಮವರು ಬೆಚ್ಚಿಬೀಳುತ್ತಾರೆ, ಅದಕ್ಕೇ ಪುಸ್ತಕವಿಲ್ಲದೆ ಸೆಮಿಸ್ಟರ್ ಕಳೆಯುವ ಮಕ್ಕಳು ಅಲ್ಲಿ ಇದ್ದಾರೆ. ಮೊದಲ ವರ್ಷ ದಿನದ ಒಂದೇ ಹೊತ್ತಿನಲ್ಲಿ ಒತ್ತಟ್ಟಿಗೆ ಕ್ಲಾಸುಗಳು, ಉಳಿದ ಹೊತ್ತು ಕೆಲಸಕ್ಕೆ ಹೋಗಲು ಅನುಕೂಲವಾಗಲೆಂದು. ಹಿಂದುಳಿದ ವಿಷಯಗಳಿಗೆ ಟ್ಯೂಷನ್. ಪ್ರತಿಯಾಗಿ ವಿದ್ಯಾರ್ಥಿ ಪೂರ್ಣಾವಧಿ ಓದಬೇಕು, ಗಣಿತ ಇಂಗ್ಲಿಷುಗಳ ಪೂರಕ ಪಾಠವನ್ನು ಮುಂದಕ್ಕೆ ತಳ್ಳದೆ ಮೊದಲೇ ಮುಗಿಸಿಕೊಳ್ಳಬೇಕು.

ಇನ್ನು ಸಲಹೆಗಾರರು. ಇಡೀ ವ್ಯವಸ್ಥೆ ನಿಂತಿರುವುದು ಇವರ ಮೇಲೆ ಎಂದು ನನಗೆ ಅನ್ನಿಸುತ್ತದೆ. ಅದೇ ಕಾಲೇಜುಗಳ ಸಾಮಾನ್ಯ ವಿದ್ಯಾರ್ಥಿಗಳಿಗೆ 600ರಿಂದ 1,500 ಮಂದಿಗೆ ಒಬ್ಬ ಸಲಹೆಗಾರ ಇದ್ದ ಕಾಲದಲ್ಲಿ, ಎಎಸ್‌ಎಪಿಯಲ್ಲಿ 60ರಿಂದ 80 ಮಂದಿಗೆ ಒಬ್ಬರು. ತಿಂಗಳಿಗೆ ಎರಡು ಸಲವಾದರೂ ಭೇಟಿ ಇತ್ತು. ಎಂಬತ್ತು ಮಕ್ಕಳಾದರೆ ಹೆಸರು ನೆನಪಿರುತ್ತದೆ, ಮುಖ ನೆನಪಿರುತ್ತದೆ, ಯಾರ ಮನೆಯಲ್ಲಿ ತಾಯಿಗೆ ಹುಷಾರಿಲ್ಲ, ಯಾರು ರಾತ್ರಿ ಪಾಳಿಗೆ ಹೋಗಿ ತೂಕಡಿಸುತ್ತಾ ಬರುತ್ತಾರೆ ಎಂಬುದು ತಿಳಿದಿರುತ್ತದೆ. ಮೊದಲ ಕಿರು ಪರೀಕ್ಷೆಯಲ್ಲಿ ಜಾರಿದವರನ್ನು ಸೆಮಿಸ್ಟರ್ ಮುಗಿಯುವ ಮುಂಚೆ ಹಿಡಿದು ಕೂರಿಸಬಹುದು. ಓದು ಕಷ್ಟವಾದ ಮಗು ತಾನಾಗಿ ಬಂದು ಹೇಳಿಕೊಳ್ಳುವುದಿಲ್ಲ, ನಾಚಿಕೆಯಿಂದ ದೂರ ಸರಿಯುತ್ತದೆ. ಪಾಸಿಗೆಂದಾದರೂ ಅದು ಆ ಬಾಗಿಲಿಗೆ ಬರಲೇಬೇಕು. ಹಾಗೆ ಬಂದಾಗ ಕುರ್ಚಿ ಎಳೆದು ಕೂರಿಸಿ, ಹೇಗಿದ್ದೀಯಮ್ಮಾ ಎಂದು ಕೇಳಲು ಒಬ್ಬರು ಇರುತ್ತಾರೆ.

ಇದು ಒಳ್ಳೆಯ ಮನಸ್ಸಿನವರ ಕಥೆಯಾಗಿ ಉಳಿಯದೆ ಲೆಕ್ಕಕ್ಕೂ ನಿಂತಿತು ಎಂಬುದೇ ಎಎಸ್‌ಎಪಿಯನ್ನು ಇಷ್ಟು ದೂರದಿಂದ ಪರಿಚಯಿಸಲು ಕಾರಣ. ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ 2010ರಿಂದ ಕ್ಯೂನಿಯ ಮೂರು ಕಾಲೇಜುಗಳಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿತು. ಕಡಿಮೆ ಆದಾಯದ ಮನೆಗಳ, ಪೂರಕ ಪಾಠ ಬೇಕಿದ್ದ 896 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಎಸ್‌ಎಪಿ, ಇನ್ನೊಂದಕ್ಕೆ ಕಾಲೇಜಿನಲ್ಲಿ ಎಲ್ಲರಿಗೂ ಇರುವ ಸೌಲಭ್ಯ ಮಾತ್ರ. ಎರಡೂ ಗುಂಪಿನವರು ಒಂದೇ ಬಗೆಯ ಮನೆಗಳಿಂದ, ಒಂದೇ ಬಗೆಯ ಶಾಲೆಗಳಿಂದ ಬಂದವರು. ಮೂರು ವರ್ಷದ ನಂತರ ಎರಡನೇ ಗುಂಪಿನಲ್ಲಿ ಪದವಿ ಪಡೆದವರು ಶೇ 22. ಎಎಸ್‌ಎಪಿ ಗುಂಪಿನಲ್ಲಿ ಶೇ 40. ಆರು ವರ್ಷದ ಹೊತ್ತಿಗೆ ಅದು ಶೇ 41 ಮತ್ತು ಶೇ 51 ಆಯಿತು. ನಿಧಾನವಾಗಿಯಾದರೂ ಇತರರು ಒಂದಷ್ಟು ಮುಂದೆ ಬಂದರು, ಆದರೂ ನೂರಕ್ಕೆ ಹತ್ತು ಮಂದಿಯ ಅಂತರ ಉಳಿಯಿತು. ಬಡ ಮಕ್ಕಳು ಓದು ಬಿಡುವುದು ಅವರಿಗೆ ತಲೆ ಇಲ್ಲದ್ದಕ್ಕೆ ಅಥವಾ ಛಲ ಇಲ್ಲದ್ದಕ್ಕೆ ಎಂದು ಸ್ಟಾಫ್ ರೂಮುಗಳಲ್ಲಿ ನಾವು ಆಡುತ್ತಿದ್ದ ಮಾತು ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಖರ್ಚಿನ ಮಾತೂ ಇದೆ. ಮೂರು ವರ್ಷದಲ್ಲಿ ಪ್ರತಿ ವಿದ್ಯಾರ್ಥಿಗೆ ಸುಮಾರು 16,300 ಡಾಲರ್ ಹೆಚ್ಚು ತಗುಲಿತು. ಇಷ್ಟು ಹಣ ಎಲ್ಲಿಂದ ತರುವುದು ಎಂದು ಯಾರಾದರೂ ಕೇಳುತ್ತಾರೆ. ಒಬ್ಬ ರೈತ ಎಕರೆಗೆ ಎಷ್ಟು ಖರ್ಚಾಯಿತು ಎಂಬುದರ ಜೊತೆಗೆ ಕ್ವಿಂಟಲಿಗೆ ಎಷ್ಟು ಬಿತ್ತು ಎಂದೂ ನೋಡುತ್ತಾನೆ. ಇಲ್ಲಿಯೂ ಒಟ್ಟು ಖರ್ಚನ್ನು ಪದವಿ ಪಡೆದವರ ಸಂಖ್ಯೆಯಿಂದ ಭಾಗಿಸಿ ನೋಡಿದಾಗ, ಒಂದು ಪದವಿಗೆ ಬಿದ್ದ ಖರ್ಚು ಎಎಸ್‌ಎಪಿಯಲ್ಲೇ ಶೇ 11ರಷ್ಟು ಕಡಿಮೆ ಇತ್ತು. ಅರ್ಧಕ್ಕೆ ಬಿಟ್ಟುಹೋಗುವ ಮಗುವಿನ ಮೇಲೆ ಸರ್ಕಾರ, ಕಾಲೇಜು, ತಂದೆತಾಯಿ ಎಲ್ಲರೂ ಹಾಕಿದ ಹಣ ನೀರುಪಾಲಾಗುತ್ತದೆ. ಆ ನಷ್ಟವನ್ನು ಯಾವ ಬಜೆಟ್ಟಿನಲ್ಲೂ ಯಾರೂ ಬರೆದಿಡುವುದಿಲ್ಲ.

ನ್ಯೂಯಾರ್ಕಿನಂಥ ಹಣವಂತ ನಗರದಲ್ಲಿ ಮಾತ್ರ ಇದು ಸಾಧ್ಯ ಎಂಬ ಅನುಮಾನಕ್ಕೆ ಒಹಾಯೋ ರಾಜ್ಯ ಉತ್ತರ ಕೊಟ್ಟಿತು. ಅಲ್ಲಿನ ಮೂರು ಕಮ್ಯುನಿಟಿ ಕಾಲೇಜುಗಳು ಇದೇ ಮಾದರಿಯನ್ನು ತಮ್ಮ ಊರಿಗೆ ಹೊಂದಿಸಿಕೊಂಡವು. ಅಲ್ಲಿ ನ್ಯೂಯಾರ್ಕಿನಂಥ ಸಬ್‌ವೇ ಜಾಲ ಇಲ್ಲ, ವಿದ್ಯಾರ್ಥಿಗಳಲ್ಲಿ ಮಕ್ಕಳೊಂದಿಗರೂ ಇದ್ದರು. ರೈಲಿನ ಪಾಸಿನ ಬದಲು ಪೆಟ್ರೋಲಿಗೋ ದಿನಸಿಗೋ ಆಗುವಂತೆ ತಿಂಗಳಿಗೆ 50 ಡಾಲರಿನ ಕಾರ್ಡ್ ಕೊಟ್ಟರು. ಷರತ್ತು ಅದೇ, ಸಲಹೆಗಾರರನ್ನು ಕಾಣಬೇಕು. ಮೂರು ವರ್ಷದಲ್ಲಿ ಪದವಿ ಪಡೆದವರು ಎಲ್ಲರಿಗೂ ಇರುವ ಸೌಲಭ್ಯವಷ್ಟೇ ಸಿಕ್ಕ ಗುಂಪಿನಲ್ಲಿ ಶೇ 19, ಈ ಕಾರ್ಯಕ್ರಮದ ಗುಂಪಿನಲ್ಲಿ ಶೇ 35. ಕ್ಯೂನಿ ಈಗ ಹತ್ತಾರು ಸಾವಿರ ವಿದ್ಯಾರ್ಥಿಗಳಿಗೆ ಎಎಸ್‌ಎಪಿಯನ್ನು ವಿಸ್ತರಿಸಿದೆ. 2015ರಲ್ಲಿ ಜಾನ್ ಜೇ ಕಾಲೇಜಿನಲ್ಲಿ ನಾಲ್ಕು ವರ್ಷದ ಪದವಿಗೂ ಇದರ ತಂಗಿಯಂಥ ಕಾರ್ಯಕ್ರಮ ಶುರುವಾಯಿತು.

ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಒಂದು ಕ್ರಮವನ್ನೂ ಇಲ್ಲಿ ಹೇಳಬೇಕು. ಸಣ್ಣ ಬಾಕಿಗಾಗಿ ಹೆಸರು ಕಡಿದುಹೋಗುತ್ತಿದ್ದ ವಿದ್ಯಾರ್ಥಿಗಳ ಪಟ್ಟಿಯನ್ನು ಅವರು ಹುಡುಕಿ ತೆಗೆದರು. ಪದವಿಗೆ ಹತ್ತಿರ ಬಂದವರ ಬಾಕಿಯನ್ನು ವಿಶ್ವವಿದ್ಯಾಲಯವೇ ತುಂಬಿತು. ಇದಕ್ಕೆ ಅರ್ಜಿ ಇಲ್ಲ. ಬಾಕಿ ಇದೆ ಎಂದು ಕಚೇರಿಗೆ ಗೊತ್ತಿರುವಾಗ ಮಗು ಅರ್ಜಿ ಹಿಡಿದು ಯಾಕೆ ಅಲೆಯಬೇಕು? ಎಪಿಎಂಸಿ ಯಾರ್ಡಿನ ನನ್ನ ಹುಡುಗನ ಕಾಲೇಜಿನಲ್ಲಿ ಹೀಗೊಂದು ನಿಯಮ ಇದ್ದಿದ್ದರೆ ಅವನಿಗೆ ಇವತ್ತು ಪದವಿ ಇರುತ್ತಿತ್ತು.

ಓದುವ ಬಡ ಮಗುವಿಗೆ ಆಸರೆಯಾಗುವುದು ನಮ್ಮ ನಾಡಿಗೆ ಹೊಸದಲ್ಲ. ಬಡ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಂಡು ಓದುತ್ತಿದ್ದ ವಾರಾನ್ನದ ಕಾಲದಲ್ಲಿ ಮಂಗಳವಾರದ ಮನೆಗೆ ಹುಡುಗ ಊಟಕ್ಕೆ ಬಾರದಿದ್ದರೆ ಆ ಮನೆಯ ಅಜ್ಜಿ ಮರುವಾರ ಕೇಳುತ್ತಿದ್ದರು, ಯಾಕೋ ಬರಲಿಲ್ಲ, ಜ್ವರವೇ ಎಂದು. ಆದರೆ ವಾರಾನ್ನದ ಎಲೆ ಎಲ್ಲ ಜಾತಿಯ ಮಕ್ಕಳಿಗೂ ಹಾಕುತ್ತಿರಲಿಲ್ಲ. ಆ ಕೊರತೆ ತುಂಬಿದ್ದು ಮಠಗಳ ಉಚಿತ ಪ್ರಸಾದ ನಿಲಯಗಳು, ಬೆಂಗಳೂರಿನಲ್ಲಿ ದಲಿತ ವಿದ್ಯಾರ್ಥಿಗಳಿಗೆ ನೆಲೆ ಕೊಟ್ಟ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರಿನ ಹಾಸ್ಟೆಲಿನಂಥ ಮನೆಗಳು, ಆಮೇಲೆ ಸರ್ಕಾರದ ಹಾಸ್ಟೆಲುಗಳು. ಗೌರಿಬಿದನೂರು ಕಡೆಯ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಓದಲು ಬಂದ ಎಚ್. ನರಸಿಂಹಯ್ಯನವರು ಮುಂದೆ ಬಾಳಿನ ಬಹುಭಾಗವನ್ನು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ, ಹುಡುಗರ ನಡುವೆ ಕಳೆದರು. ಕೇಳುವವರು ಅಂದರೆ ಯಾರು ಎಂಬುದಕ್ಕೆ ನಮಗೆ ನ್ಯೂಯಾರ್ಕಿನ ಉದಾಹರಣೆಯೇ ಬೇಕಿಲ್ಲ.

ಇವತ್ತು ನಮ್ಮಲ್ಲಿ ಸೌಲಭ್ಯಗಳು ಬಿಡಿಬಿಡಿಯಾಗಿ ಇವೆ. ಹಾಸ್ಟೆಲ್ ಸಿಗದವರಿಗೆ ತಿಂಗಳಿಗೆ 1,500 ರೂಪಾಯಿಯಂತೆ ವಿದ್ಯಾಸಿರಿ ಬಂತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಯಾದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ನ್ಯೂಯಾರ್ಕಿನವರು ಕೆಲವರಿಗಷ್ಟೇ ಕೊಟ್ಟ ಪಾಸನ್ನು ನಾವು ಎಲ್ಲ ವಿದ್ಯಾರ್ಥಿನಿಯರಿಗೂ ಕೊಟ್ಟಿದ್ದೇವೆ. ಇದು ಹೆಮ್ಮೆಯ ಸಂಗತಿ. ಇವೆಲ್ಲವನ್ನೂ ಒಂದು ಮಗುವಿನ ಹೆಸರಿನಲ್ಲಿ ಒಟ್ಟಿಗೆ ನೋಡುವವರು ಮಾತ್ರ ಇಲ್ಲ. ವಿದ್ಯಾರ್ಥಿವೇತನ ಆಧಾರ್ ಜೋಡಣೆಯಲ್ಲಿ ಸಿಕ್ಕಿಕೊಂಡರೆ, ಎರಡು ಪೇಪರು ಬ್ಯಾಕ್‌ಲಾಗ್ ಉಳಿದರೆ, ಮನೆಯಲ್ಲಿ ಮದುವೆ ಮಾತು ಎದ್ದರೆ, ಮೂರಕ್ಕೂ ಒಂದೇ ಬಾಗಿಲು ತಟ್ಟುವಂತಿಲ್ಲ. ಮೆಂಟರ್ ಪಟ್ಟಿ ಎಲ್ಲ ಕಾಲೇಜಿನಲ್ಲೂ ಇದೆ. ಪಾಠ, ಮೌಲ್ಯಮಾಪನ, ಚುನಾವಣಾ ಕೆಲಸಗಳ ನಡುವೆ ಅಧ್ಯಾಪಕರಿಗೆ ಆ ಪಟ್ಟಿಯ ಮಕ್ಕಳ ಜೊತೆ ಕೂರಲು ಹೊತ್ತು ಸಿಗುವುದಿಲ್ಲ, ಅದನ್ನು ಯಾರೂ ಕೆಲಸದ ಗಂಟೆಯೆಂದು ಲೆಕ್ಕಕ್ಕೆ ಹಿಡಿಯುವುದೂ ಇಲ್ಲ.

ಪ್ರಾಂಶುಪಾಲರಲ್ಲಿ, ಹಳೆಯ ವಿದ್ಯಾರ್ಥಿ ಸಂಘಗಳಲ್ಲಿ, ಊರಿನ ಅನುಕೂಲಸ್ಥರಲ್ಲಿ ನನ್ನದೊಂದು ಕೋರಿಕೆ ಇದೆ. ಎಂಬತ್ತು ಮಕ್ಕಳಿಗೆ ಒಬ್ಬರಂತೆ, ಬೇರೆ ಯಾವ ಕೆಲಸವೂ ಇಲ್ಲದ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಿ. ಪರೀಕ್ಷಾ ಶುಲ್ಕದ ದಂಡ ತುಂಬಲು ಒಂದು ಸಣ್ಣ ನಿಧಿಯನ್ನು ಅವರ ಕೈಗೆ ಕೊಡಿ. ಮೂರು ದಿನ ಕ್ಲಾಸಿಗೆ ಬಾರದ ಪ್ರತಿ ಮಗುವಿಗೂ ನಾಲ್ಕನೇ ದಿನ ಬೆಳಿಗ್ಗೆ ಅವರಿಂದ ಒಂದು ಫೋನು ಹೋಗಲಿ.