ಬಯಲಾಟದ ಚಿತ್ರವೂ ಎರಡನೆಯ ಪರದೆಯೂ

ಕುಮಾರ ಪರ್ವತದ ತಪ್ಪಲಿನ ಕೊಲ್ಲಮೊಗ್ರುವಿನಲ್ಲಿ ಒಂದು ರಾತ್ರಿ ಯಕ್ಷಗಾನ ಬಯಲಾಟ ನಡೆಯಿತೆಂದೂ, ಅದನ್ನು ಎರಡು ಕ್ಯಾಮರಾಗಳಿಂದ ಚಿತ್ರೀಕರಿಸಿದರೆಂದೂ ಭಾವಿಸೋಣ. ಮರುದಿನ ಸಂಕಲನಕಾರನು ಕಂಪ್ಯೂಟರಿನ ಮುಂದೆ ಕುಳಿತು, ಯಾವ ಕ್ಷಣಕ್ಕೆ ಯಾವ ಕ್ಯಾಮರಾದ ಚಿತ್ರವನ್ನು ಉಳಿಸಿಕೊಳ್ಳಬೇಕೆಂದು ಆರಿಸುತ್ತಾನೆ. ಅವನ ಕಣ್ಣಿಗೆ ಎರಡೂ ಸ್ಪಷ್ಟವಾಗಿಯೇ ಇವೆ. ಆದರೆ ಸಿದ್ಧವಾದ ಚಿತ್ರವನ್ನು ದೊಡ್ಡ ಟೆಲಿವಿಷನ್ನಿನಲ್ಲಿ ನೋಡಿದಾಗ ಬಣ್ಣದ ವೇಷದ ಮುಖವೇ ಮಸುಕು! ಆ ರಾತ್ರಿಯ ಆಟ ಮತ್ತೊಮ್ಮೆ ಆಗುವಂತಿಲ್ಲ. ಆರಿಸುವಾಗಲೇ ಈ ದೋಷ ಏಕೆ ಕಾಣಲಿಲ್ಲ?

ಪೂರ್ಣ ಹೈ ಡೆಫಿನಿಷನ್ ಚಿತ್ರದ ಒಂದು ಚೌಕಟ್ಟಿನಲ್ಲಿ ಅಡ್ಡಲಾಗಿ 1,920, ಮೇಲಿನಿಂದ ಕೆಳಕ್ಕೆ 1,080, ಒಟ್ಟು 20,73,600 ಬಿಂದುಗಳಿರುತ್ತವೆ. ಇವನ್ನು ಪಿಕ್ಸೆಲುಗಳೆನ್ನುವರು. ಸಂಕಲನದ ತಂತ್ರಾಂಶವಾದರೋ ಪರದೆಯ ಬಹುಭಾಗವನ್ನು ತುಣುಕುಗಳ ಸಾಲಿಗೂ ಧ್ವನಿಯ ಗೆರೆಗಳಿಗೂ ಬಿಟ್ಟು, ಚಿತ್ರಕ್ಕೆ ಒಂದು ಕಿರುಗಿಟಕಿಯನ್ನಷ್ಟೇ ಕೊಡುತ್ತದೆ. ಅದು 640ಕ್ಕೆ 360 ಬಿಂದುಗಳಷ್ಟಿದ್ದರೆ ಒಟ್ಟು 2,30,400. ಎಂದರೆ ಒಂಬತ್ತರಲ್ಲಿ ಒಂದು ಪಾಲು. ಒಂಬತ್ತು ಬಿಂದುಗಳ ಪರವಾಗಿ ಒಂದೇ ಬಿಂದು ನಿಲ್ಲಬೇಕಾಗುವುದು.

ಬಣ್ಣದ ವೇಷಧಾರಿ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುವುದನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಆ ಬಿಳಿಯ ಮುಳ್ಳೊಂದರ ದಪ್ಪ ಮೂರು ಬಿಂದುಗಳಷ್ಟಿದ್ದರೆ ಕಿರುಗಿಟಕಿಯಲ್ಲಿ ಅದು ಒಂದೇ ಬಿಂದು. ಕ್ಯಾಮರಾದ ನಾಭಿ ಸ್ವಲ್ಪ ತಪ್ಪಿ ಮುಳ್ಳಿನ ಅಂಚು ಒಂದೆರಡು ಬಿಂದುಗಳಷ್ಟು ಹರಡಿದ್ದರೂ ಅಲ್ಲಿ ಗೊತ್ತಾಗದು. ಮಸುಕು ಅಲ್ಲಿ ಇಲ್ಲದಿಲ್ಲ, ಅಡಗಿದೆ. ಇದೇ ಚಿತ್ರವನ್ನು 1,920ಕ್ಕೆ 1,080ರ ಇನ್ನೊಂದು ಮಾನಿಟರಿನ ತುಂಬ ಹರಡಿದರೆ ಬಿಂದುವಿಗೆ ಬಿಂದು ಸರಿಹೊಂದಿ, ಮುಳ್ಳುಗಳು ಬಿಡಿಬಿಡಿಯಾಗಿ ಕಾಣುವುವು. ಕಾಣದಿದ್ದರೆ ಆ ಕ್ಯಾಮರಾವನ್ನು ಬಿಟ್ಟು ಮತ್ತೊಂದನ್ನು ಆರಿಸಬಹುದು.

ಇಲ್ಲಿ ಅನೇಕರು ಎಡವುವರು. ಕಂಪ್ಯೂಟರು ತಡವರಿಸದಿರಲೆಂದು ತಂತ್ರಾಂಶವು ಚಿತ್ರವನ್ನು ಅರ್ಧ ಅಥವಾ ಕಾಲು ಗುಣಮಟ್ಟದಲ್ಲಿ ಓಡಿಸುವುದುಂಟು. ಆಗ ಹೊರಪರದೆಯಲ್ಲಿ ದೊಡ್ಡದಾಗುವುದು ಆಕಾರ ಮಾತ್ರ, ವಿವರವಲ್ಲ. ಕನ್ನಡಕ ಕೊಂಡು ಜೇಬಿನಲ್ಲಿಟ್ಟುಕೊಂಡಂತಾಯಿತು! ಗುಣಮಟ್ಟವನ್ನು ಪೂರ್ಣಕ್ಕೆ ಏರಿಸಿ, ಚಿತ್ರವನ್ನು ನಿಲ್ಲಿಸಿ ಪರೀಕ್ಷಿಸಬೇಕು.

ಚಲನೆಯ ಲೆಕ್ಕ ಬೇರೆ. ನಮ್ಮ ದೇಶದ ಟೆಲಿವಿಷನ್ ಪದ್ಧತಿಯಂತೆ ಸೆಕೆಂಡಿಗೆ 25 ಚೌಕಟ್ಟುಗಳನ್ನು ಚಿತ್ರೀಕರಿಸಿದ್ದೇವೆನ್ನೋಣ. ಸಾಮಾನ್ಯ ಕಂಪ್ಯೂಟರ್ ಪರದೆ ಸೆಕೆಂಡಿಗೆ 60 ಸಲ ಹೊಸತಾಗುತ್ತದೆ. 60ನ್ನು 25ರಿಂದ ಭಾಗಿಸಿದರೆ 2.4, ಆದರೆ ಚೌಕಟ್ಟನ್ನು ಎರಡೂ ಚಿಲ್ಲರೆ ಸಲ ತೋರಿಸಲಾಗದು. ಆದುದರಿಂದ ಕೆಲವು ಚೌಕಟ್ಟುಗಳು ಎರಡು ಸಲ, ಕೆಲವು ಮೂರು ಸಲ ನಿಲ್ಲುತ್ತವೆ. ವೇಷವು ಧೀಂಗಿಣ ಹಾರುವಾಗ ಚಲನೆ ಕುಂಟುವುದು ಇದರಿಂದಲೇ. ತಪ್ಪು ಕ್ಯಾಮರಾದ್ದೂ ಅಲ್ಲ, ಕುಣಿದವರದಂತೂ ಅಲ್ಲ. ಪರದೆಯನ್ನು 50ಕ್ಕೆ ಹೊಂದಿಸಿದರೆ ಪ್ರತಿಯೊಂದು ಚೌಕಟ್ಟೂ ಸರಿಯಾಗಿ ಎರಡು ಸಲ ಕಾಣುವುದು. ಇದಕ್ಕೆಂದೇ ಚಿತ್ರವನ್ನು ಪ್ರತ್ಯೇಕವಾಗಿ ಹೊರಗೆ ಕಳುಹಿಸುವ ಉಪಕರಣಗಳೂ ಉಂಟು.

ಇನ್ನು ಬಣ್ಣ. ಹೈ ಡೆಫಿನಿಷನ್ನಿನ ಕೆಂಪು, ಹಸಿರು, ನೀಲಿಗಳು ಯಾವುವೆಂಬುದನ್ನು ಅಂತರರಾಷ್ಟ್ರೀಯ ಶಿಫಾರಸು 709 ನಿಗದಿಪಡಿಸಿದೆ. ಅದು ಮೊದಲು ಹೊರಬಂದುದು 1990ರಲ್ಲಿ. ಪರದೆ ಅದಕ್ಕೆ ಹೊಂದಿಕೆಯಾಗದೆ ನೀಲಿಗೆ ವಾಲಿದ್ದರೆ, ಸಂಕಲನಕಾರನು ಅರಿಯದೆಯೇ ಚಿತ್ರಕ್ಕೆ ಹಳದಿ ಬೆರೆಸುವನು. ಕೋಣೆಯ ಬೆಳಕೂ ಕಣ್ಣನ್ನು ವಂಚಿಸಬಲ್ಲುದು: ಮಳೆಗಾಲದ ಮಬ್ಬಿನಲ್ಲಿ ಸರಿಯೆನಿಸಿದ ಬಣ್ಣ ಬೇಸಗೆಯ ಮಧ್ಯಾಹ್ನ ಸಪ್ಪೆ. ಅದಕ್ಕಾಗಿ ಕಿಟಕಿಗಳನ್ನು ಮುಚ್ಚಿ, ಮಾನಿಟರಿನ ಹಿಂದೆ ಮಂದವಾದ ಬಿಳಿಯ ದೀಪವನ್ನು ಇರಿಸಿಕೊಳ್ಳುವುದು ವಾಡಿಕೆ.