ಹಸಿರು ಚಹಾದ ರುಚಿ ನೋಡುವ ಬಗೆ

ಮುಂಗಾರಿ ಹೆಸರು ಒಕ್ಕಣೆಯಾಗಿ ಚೀಲಗಳು ಮಾರುಕಟ್ಟೆಗೆ ಬಂದಾಗ ಏನು ನಡೆಯುತ್ತದೆಂಬುದು ನಿಮಗೆ ತಿಳಿದೇ ಇದೆ. ಖರೀದಿದಾರನು ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆಯುತ್ತಾನೆ. ಅಂಗೈಯಲ್ಲಿ ಹೊರಳಿಸಿ ಬಣ್ಣ ನೋಡುತ್ತಾನೆ, ಮೂಸುತ್ತಾನೆ, ಎರಡು ಕಾಳು ಹಲ್ಲಿನಲ್ಲಿ ಕಡಿಯುತ್ತಾನೆ. "ಹಸಿ ಐತಿ" ಎಂದು ಒಂದೇ ಮಾತು ಹೇಳುತ್ತಾನೆ. ಆ ಮಾತಿನ ಮೇಲೆ ಬೆಲೆ ಇಳಿಯುತ್ತದೆ. ಕಾಳು ಬೆಳೆದವರು ಅದೇ ಕಾಳನ್ನು ಕಣದಲ್ಲಿ ಹತ್ತು ಸಲ ಕಡಿದು ನೋಡಿರುತ್ತಾರೆ. ಆದರೂ ಎದುರು ಮಾತನಾಡದೆ ನಿಂತಿರುತ್ತಾರೆ. ಕಡಿದು ನೋಡುವುದು ಅವರಿಗೂ ಬರುತ್ತದೆ. ಕಂಡದ್ದನ್ನು ಕ್ರಮವಾಗಿ, ಧೈರ್ಯವಾಗಿ ಹೇಳುವ ರೂಢಿ ಮಾತ್ರ ಇಲ್ಲ.

ರುಚಿ ನೋಡುವುದನ್ನೇ ಒಂದು ಕ್ರಮಬದ್ಧ ವಿದ್ಯೆಯಾಗಿ ಬೆಳೆಸಿಕೊಂಡ ಬೆಳೆಯೊಂದಿದೆ. ಅದೇ ಚೀನಾ ದೇಶದ ಹಸಿರು ಚಹಾ. ನಮ್ಮ ರೋಣ ಭಾಗದ ಎರೆ ಭೂಮಿಯಲ್ಲಿ ಚಹಾ ಬೆಳೆಯುವುದಿಲ್ಲ. ಆದರೆ ಚಹಾ ಕುಡಿಯದ ಮನೆಯೂ ಇಲ್ಲ. ಈಚೆಗೆ ಪಟ್ಟಣದ ಅಂಗಡಿಗಳಲ್ಲಿ ಹಸಿರು ಚಹಾದ ಡಬ್ಬಿಗಳೂ ಬಂದಿವೆ. ಅದನ್ನು ಕೊಂಡು ಮೋಸಹೋಗದಿರಲು, ಹಾಗೆಯೇ ಅದರ ಪರೀಕ್ಷಾ ಕ್ರಮವನ್ನು ನಮ್ಮ ಕಾಳುಕಡಿಗಳಿಗೆ ಬಳಸಿಕೊಳ್ಳಲು ಈ ಲೇಖನ ನೆರವಾಗಬಹುದು.

ಗಿಡ ಒಂದೇ, ಚಹಾ ಹಲವು

ನಾವು 'ಚಹಾ' ಎನ್ನುವ ಮಾತು ಚೀನಾದ 'ಚಾ' ಎಂಬ ಶಬ್ದದಿಂದಲೇ ಬಂದದ್ದು. ಕಪ್ಪು ಚಹಾಕ್ಕೆ ಒಂದು ಗಿಡ, ಹಸಿರು ಚಹಾಕ್ಕೆ ಇನ್ನೊಂದು ಗಿಡ ಎಂದು ಯುರೋಪಿನವರು ಬಹುಕಾಲ ನಂಬಿದ್ದರು. ಇದು ತಪ್ಪು. ಎರಡೂ ಒಂದೇ ಗಿಡದ ಚಿಗುರು. ಸಂಸ್ಕರಣೆ ಬೇರೆ ಅಷ್ಟೆ.

ಚಿಗುರನ್ನು ಕಿತ್ತು ಬಾಡಿಸಿ ಹಿಸುಕಿದರೆ ಎಲೆಯೊಳಗಿನ ಕಿಣ್ವವು ಗಾಳಿಯ ಆಮ್ಲಜನಕದೊಡನೆ ಕೆಲಸ ಮಾಡಿ ಎಲೆಯನ್ನು ಕಂದಾಗಿಸುತ್ತದೆ. ಹೆಚ್ಚಿದ ಬದನೆಕಾಯಿ ಕಪ್ಪಾಗುವುದೂ ಇದೇ ಕ್ರಿಯೆಯಿಂದ. ಹೀಗೆ ಪೂರ್ಣ ಕಂದಾಗಲು ಬಿಟ್ಟು ಒಣಗಿಸಿದ್ದು ಕಪ್ಪು ಚಹಾ. ನಾವು ಹಾಲು ಸಕ್ಕರೆ ಹಾಕಿ ಕುದಿಸುವ ಪುಡಿಯು ಸಿ.ಟಿ.ಸಿ. ಯಂತ್ರದಲ್ಲಿ ಎಲೆಯನ್ನು ಹಿಸುಕಿ, ಹರಿದು, ಗುಂಡು ಕಟ್ಟಿಸಿ ಮಾಡಿದ ಕಪ್ಪು ಚಹಾ. ಅದಕ್ಕೆ ಬದಲು, ಕಿತ್ತ ಕೆಲವೇ ತಾಸುಗಳಲ್ಲಿ ಚಿಗುರಿಗೆ ಬಿಸಿ ತಗುಲಿಸಿ ಕಿಣ್ವವನ್ನು ನಿಷ್ಕ್ರಿಯಗೊಳಿಸಿದರೆ ಹಸಿರು ಹಾಗೆಯೇ ಉಳಿಯುತ್ತದೆ. ಜಪಾನಿನವರು ಹೆಚ್ಚಾಗಿ ಹಬೆಯಲ್ಲಿ ಬೇಯಿಸುತ್ತಾರೆ. ಚೀನಾದವರು ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಆದುದರಿಂದಲೇ ಚೀನಾದ ಹಸಿರು ಚಹಾಕ್ಕೆ ಹುರಿದ ಕಾಳಿನ ಪರಿಮಳವಿರುತ್ತದೆ.

ಹೆಸರಾಂತ ಕೆಲವು ಬಗೆಗಳು

ಲಾಂಗ್‌ಜಿಂಗ್: ಚ್ಯಚ್ಯಾಂಗ್ ಪ್ರಾಂತದ ಹಾಂಗ್‌ಚೌ ನಗರದ ಪಶ್ಚಿಮ ಸರೋವರದ ಸುತ್ತಲಿನ ಗುಡ್ಡಗಳ ಚಹಾ. ಬಿಸಿ ಬಾಣಲೆಯಲ್ಲಿ ಬರಿಗೈಯಿಂದ ಒತ್ತಿ ಒತ್ತಿ ಹುರಿಯುವುದರಿಂದ ಎಲೆಯು ಚಪ್ಪಟೆಯಾಗಿ, ನುಣುಪಾಗಿರುತ್ತದೆ. ಪರಿಮಳವು ಹದವಾಗಿ ಹುರಿದ ಹೆಸರುಕಾಳನ್ನು ನೆನಪಿಗೆ ತರುತ್ತದೆ.

ಬೀಲೋಚುನ್: ಚ್ಯಾಂಗ್‌ಸು ಪ್ರಾಂತದ ತಾಯ್ ಸರೋವರದ ದಡದ್ದು. ಅತಿ ಎಳೆಯ ಚಿಗುರನ್ನು ಬಸವನಹುಳುವಿನಂತೆ ಸುರುಳಿ ಮಾಡಿರುತ್ತಾರೆ. ಮೈಮೇಲೆ ಬಿಳಿ ನವಿರು ಕಾಣುತ್ತದೆ. ಅಲ್ಲಿ ಹಣ್ಣಿನ ಮರಗಳ ನಡುವೆಯೇ ಚಹಾ ಗಿಡಗಳಿರುತ್ತವೆ.

ಲ್ಯೂಆನ್ ಗ್ವಾಪ್ಯೆನ್: ಆನ್‌ಹ್ವೇ ಪ್ರಾಂತದ್ದು. ಮೊಗ್ಗನ್ನೂ ದೇಟನ್ನೂ ಬಿಟ್ಟು ಬರೀ ಎಲೆಯಿಂದ ತಯಾರಿಸುತ್ತಾರೆ. ಇದೇ ಪ್ರಾಂತದ ಹ್ವಾಂಗ್‌ಶಾನ್ ಬೆಟ್ಟದ ಮಾವೋಫೆಂಗ್ ಕೂಡ ಪ್ರಸಿದ್ಧ.

ಗುಂಡು ಚಹಾ: ಎಲೆಯನ್ನು ಮದ್ದಿನ ಕಾಳಿನಂತೆ ಉಂಡೆ ಕಟ್ಟಿದ್ದು. ಮೊರಾಕ್ಕೊ ದೇಶದವರು ಪುದೀನ ಮತ್ತು ಸಕ್ಕರೆ ಹಾಕಿ ಕುಡಿಯುವುದು ಇದನ್ನೇ.

ಕೊಯ್ಲಿನ ಕಾಲಕ್ಕೆ ತಕ್ಕಂತೆ ಬೆಲೆ ಬೇರೆ. ಏಪ್ರಿಲ್ ೫ರ ಸುಮಾರಿಗೆ ಬರುವ ಚಿಂಗ್‌ಮಿಂಗ್ ಹಬ್ಬಕ್ಕೆ ಮೊದಲು ಕಿತ್ತ ಚಿಗುರಿಗೆ ಅತಿ ಹೆಚ್ಚು ಬೆಲೆ. ಏಪ್ರಿಲ್ ೨೦ರವರೆಗಿನದು ಅದರ ನಂತರದ ದರ್ಜೆ. ಇದು ಬರೀ ನಂಬಿಕೆಯಲ್ಲ. ಚಳಿಗಾಲದಲ್ಲಿ ಗಿಡವು ಬೇರಿನಲ್ಲಿ ಕೂಡಿಸಿಟ್ಟ ಥಿಯನಿನ್ ಎಂಬ ಅಮೈನೋ ಆಮ್ಲ ವಸಂತದ ಮೊದಲ ಚಿಗುರಿಗೆ ಬರುತ್ತದೆ. ಇದು ಸವಿ ಕೊಡುವ ವಸ್ತು. ಬಿಸಿಲು ಏರಿದಂತೆ ಥಿಯನಿನ್ ಕಡಿಮೆಯಾಗಿ, ಒಗರು ಮತ್ತು ಕಹಿ ಕೊಡುವ ಕೆಟೆಚಿನ್‌ಗಳು ಹೆಚ್ಚುತ್ತವೆ.

ಬೆಳವಣಕಿಯಲ್ಲಿ ಕಲಿತ ಪಾಠ

ಒಮ್ಮೆ ಹಿಂಗಾರಿ ಕಡಲೆ ನೋಡಲು ಬೆಳವಣಕಿಗೆ ಹೋದಾಗ ಸ್ನೇಹಿತರೊಬ್ಬರು ಕೊಟ್ಟ ಲಾಂಗ್‌ಜಿಂಗ್ ಚಹಾದ ಪೊಟ್ಟಣ ನನ್ನ ಚೀಲದಲ್ಲಿತ್ತು. ರೈತರ ಮನೆಯ ಕಟ್ಟೆಯ ಮೇಲೆ ಕುಳಿತು, ಕೊಳವೆ ಬಾವಿಯ ನೀರನ್ನೇ ಕಾಯಿಸಿ, ನಮ್ಮ ರೂಢಿಯಂತೆ ಎಲೆ ಹಾಕಿ ಚೆನ್ನಾಗಿ ಕುದಿಸಿದೆವು. ಬಟ್ಟಲಿಗೆ ಸೋಸಿದಾಗ ಬಣ್ಣ ಕಂದು ಹಳದಿ. ಮೇಲೆ ತೆಳುವಾದ ಕೆನೆಯಂಥ ಪೊರೆ. ಹಿರಿಯರೊಬ್ಬರು ಒಂದು ಗುಟುಕು ಕುಡಿದು, "ಏನ್ರೀ ಸಾಹೇಬ್ರ, ಇದು ಬೇವಿನ ಕಷಾಯ ಆತಲ್ರೀ" ಎಂದರು. ಅವರ ಮಾತು ನಿಜವಾಗಿತ್ತು. ತಪ್ಪು ನನ್ನದು.

ಮರುದಿನ ಮಾಳಿಗೆಯಿಂದ ಹಿಡಿದಿಟ್ಟ ಮಳೆ ನೀರನ್ನು ತಂದರು. ಕುದಿ ಬಂದ ಮೇಲೆ ಇಳಿಸಿ, ಸ್ವಲ್ಪ ಆರಿಸಿ, ಎಲೆಯ ಮೇಲೆ ಸುರಿದು ಎರಡು ನಿಮಿಷ ಬಿಟ್ಟೆವು. ಅದೇ ಎಲೆ, ಆದರೆ ಬಣ್ಣ ತಿಳಿ ಹಸಿರು ಹಳದಿ, ಪೊರೆ ಇಲ್ಲ. ಅದೇ ಹಿರಿಯರು ಮೂಸಿ ನೋಡಿ, "ಹೆಸರ ಹುರದ್ಹಾಂಗ ವಾಸನಿ ಬರತೈತಿ" ಎಂದರು. ಚಹಾ ಪರೀಕ್ಷಕರು ಹೇಳುವುದೂ ಇದನ್ನೇ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾರಣ ಸರಳ. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಮತ್ತು ಬೈಕಾರ್ಬೊನೇಟ್ ಚಹಾದ ಪಾಲಿಫಿನಾಲ್‌ಗಳೊಡನೆ ಸೇರಿ ಪೊರೆ ಕಟ್ಟುತ್ತದೆ, ಬಣ್ಣ ಕಂದಿಸುತ್ತದೆ, ಪರಿಮಳ ಮುಚ್ಚುತ್ತದೆ. ಕುದಿಯುವ ನೀರು ಕೆಟೆಚಿನ್‌ಗಳನ್ನು ಹೆಚ್ಚಾಗಿ ಹೊರಗೆಳೆದು ಕಹಿ ಮಾಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗದಗ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಅಂಶವಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೧ ಮಿ.ಗ್ರಾಂ ಒಳಗಿರಬೇಕು, ಬೇರೆ ನೀರು ದೊರೆಯದಿದ್ದಲ್ಲಿ ೧.೫ ಮಿ.ಗ್ರಾಂ ಮೀರಬಾರದು. ಚಹಾ ಗಿಡವೂ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಕೂಡಿಸುತ್ತದೆ. ಎಳೆ ಚಿಗುರಿನಲ್ಲಿ ಕಡಿಮೆ, ಬಲಿತ ಎಲೆಯಲ್ಲಿ ಹೆಚ್ಚು. ಅಂಥ ನೀರಿಗೆ ಅಗ್ಗದ ಬಲಿತ ಎಲೆಯ ಚಹಾ ಹಾಕಿ ದಿನವಿಡೀ ಕುಡಿದರೆ ಎರಡೂ ಕಡೆಯಿಂದ ಫ್ಲೋರೈಡ್ ಸೇರುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಆದುದರಿಂದ ನೀರಿನ ಪರೀಕ್ಷೆ ಮಾಡಿಸಿರಿ. ಶುದ್ಧೀಕರಿಸಿದ ನೀರನ್ನೋ ಶುಚಿಯಾಗಿ ಹಿಡಿದ ಮಳೆ ನೀರನ್ನೋ ಬಳಸಿರಿ.

ಪರೀಕ್ಷಿಸುವ ಕ್ರಮ

ಚೀನಾದ ಪರೀಕ್ಷಕರು ಐದು ಅಂಶ ನೋಡುತ್ತಾರೆ. ಉತ್ತಮ ದರ್ಜೆಯ ಹಸಿರು ಚಹಾಕ್ಕೆ ನೂರು ಅಂಕಗಳ ಹಂಚಿಕೆ ಹೀಗಿದೆ: ಒಣ ಎಲೆಯ ರೂಪ ೨೫, ರಸದ ಬಣ್ಣ ೧೦, ಪರಿಮಳ ೨೫, ರುಚಿ ೩೦, ನೆನೆದ ಎಲೆ ೧೦. ಮನೆಯಲ್ಲಿ ನೀವು ಹೀಗೆ ಮಾಡಬಹುದು.

೧. ಒಣ ಎಲೆಯನ್ನು ಬಿಳಿ ತಟ್ಟೆಯಲ್ಲಿ ಹರಡಿರಿ. ಎಲೆಗಳು ಒಂದೇ ಅಳತೆಯವಾಗಿರಬೇಕು. ಪುಡಿ, ಕಡ್ಡಿ, ಹಳದಿ ಎಲೆ ಹೆಚ್ಚಿದ್ದರೆ ದರ್ಜೆ ಕಡಿಮೆ. ಬೆರಳಲ್ಲಿ ತಿಕ್ಕಿದರೆ ಪಟಪಟನೆ ಮುರಿಯಬೇಕು. ಬಾಗಿದರೆ ತೇವ ಹಿಡಿದಿದೆ.

೨. ೩ ಗ್ರಾಂ ಎಲೆಗೆ ೧೫೦ ಮಿ.ಲೀ. ನೀರು. ದೋಷ ಹುಡುಕುವ ಪರೀಕ್ಷಕರು ಕುದಿ ನೀರನ್ನೇ ಹಾಕಿ ೪ ನಿಮಿಷ ಬಿಡುತ್ತಾರೆ; ಕುದಿ ನೀರಿನಲ್ಲಿ ಅವಗುಣ ಅಡಗುವುದಿಲ್ಲ. ಸವಿದು ಕುಡಿಯಲು ೮೦ ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು, ೨ ನಿಮಿಷ ಸಾಕು. ಉಷ್ಣಮಾಪಕ ಇಲ್ಲದಿದ್ದರೆ ಕುದಿದ ನೀರನ್ನು ತಣ್ಣನೆಯ ಇನ್ನೊಂದು ಪಾತ್ರೆಗೆ ಬಗ್ಗಿಸಿ, ಕೆಲವು ನಿಮಿಷ ಬಿಟ್ಟು ಬಳಸಿರಿ.

೩. ಸೋಸಿದ ರಸವನ್ನು ಬಿಳಿ ಕಪ್ಪಿನಲ್ಲಿ ನೋಡಿರಿ. ತಿಳಿಯಾಗಿ ಹೊಳೆಯಬೇಕು. ಕಂದು ಬಣ್ಣವು ಹಳೆಯ ಎಲೆ ಅಥವಾ ತಪ್ಪಾದ ಹುರಿತವನ್ನು ಸೂಚಿಸುತ್ತದೆ. ನೀರಿನ ದೋಷವೂ ಇರಬಹುದು.

೪. ಬಿಸಿ ಎಲೆಯನ್ನು ಮೂಸಿರಿ. ಆರಿದ ಮೇಲೆ ಮತ್ತೊಮ್ಮೆ ಮೂಸಿರಿ. ಹುರಿದ ಹೆಸರು, ಸೀತನಿ, ಸುಲಗಾಯಿ, ಹೂವು ಇವುಗಳ ನೆನಪು ಬಂದರೆ ಒಳ್ಳೆಯದು. ಹಸಿ ಹುಲ್ಲಿನ ವಾಸನೆ ಬಂದರೆ ಹುರಿತ ಸಾಲದು. ಸುಟ್ಟ ವಾಸನೆ ಬಂದರೆ ಹುರಿತ ಮೀರಿದೆ. ಮುಗ್ಗಲು ವಾಸನೆ ಬಂದರೆ ಸಂಗ್ರಹಣೆ ಕೆಟ್ಟಿದೆ.

೫. ಒಂದು ಗುಟುಕನ್ನು ಗಾಳಿಯೊಡನೆ ಸುರ್ರೆಂದು ಎಳೆದು ನಾಲಿಗೆಯ ಮೇಲೆಲ್ಲ ಹೊರಳಾಡಿಸಿರಿ. ಬಸಿಯಲ್ಲಿ ಚಹಾ ಸುರಿಯುವ ನಮ್ಮ ರೂಢಿಯನ್ನು ಇಲ್ಲಿ ಯಾರೂ ನಗುವುದಿಲ್ಲ. ಪರೀಕ್ಷಕರು ಮಾಡುವುದೂ ಹಾಗೆಯೇ. ಗಾಳಿಯೊಡನೆ ಪರಿಮಳವು ಗಂಟಲ ಹಿಂಬದಿಯಿಂದ ಮೂಗಿಗೆ ಏರುತ್ತದೆ.

೬. ಕೊನೆಗೆ ನೆನೆದ ಎಲೆಯನ್ನು ಬಿಡಿಸಿ ನೋಡಿರಿ. ಮೆತ್ತಗೆ, ಇಡಿಯಾಗಿ, ಒಂದೇ ಹಸಿರಾಗಿದ್ದರೆ ಚಿಗುರು ಎಳೆಯದು, ಕೊಯ್ಲು ಜಾಗ್ರತೆಯದು.

ರುಚಿಯಲ್ಲಿ ಒಗರನ್ನೂ ಕಹಿಯನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಕಹಿಯು ನಾಲಿಗೆಗೆ ತಿಳಿಯುವ ರುಚಿ, ಹಾಗಲಕಾಯಿಯಂತೆ. ಒಗರು ಬಾಯಿಯನ್ನು ಹಿಡಿಯುವ ಗುಣ, ನೇರಳೆಯಂತೆ, ಎಳೆ ಬಾಳೆಕಾಯಿಯಂತೆ. ಷಡ್ರಸ ಬಲ್ಲ ನಮಗೆ ಇದು ಕಷ್ಟವಲ್ಲ. ಒಳ್ಳೆಯ ಹಸಿರು ಚಹಾದಲ್ಲಿ ಅಲ್ಪ ಕಹಿ, ಅಲ್ಪ ಒಗರು ಇದ್ದೇ ಇರುತ್ತದೆ. ಅದು ಬೇಗ ಸರಿದು ಗಂಟಲಲ್ಲಿ ಸವಿ ಉಳಿಯಬೇಕು. ಬಾಯಿ ಒಣಗಿದಂತೆ ಹಿಡಿದುಕೊಂಡೇ ಇದ್ದರೆ ಆ ಚಹಾ ಕೆಳದರ್ಜೆಯದು.

ಮೋಸ ಮತ್ತು ಅತಿಶಯೋಕ್ತಿ

ಸ್ಕಾಟ್ಲೆಂಡಿನ ಸಸ್ಯ ಸಂಗ್ರಾಹಕ ರಾಬರ್ಟ್ ಫಾರ್ಚೂನ್ ೧೮೪೮ರಲ್ಲಿ ಚೀನಾದ ಒಳನಾಡಿಗೆ ಹೋದಾಗ, ರಫ್ತಿನ ಹಸಿರು ಚಹಾಕ್ಕೆ ನೀಲಿ ಬಣ್ಣ ಮತ್ತು ಜಿಪ್ಸಂ ಬೆರೆಸುವುದನ್ನು ಕಣ್ಣಾರೆ ಕಂಡನು. ಕೊಳ್ಳುವವರು ಬಣ್ಣಕ್ಕೆ ಬೆಲೆ ಕೊಟ್ಟರು. ಮಾರುವವರು ಬಣ್ಣವನ್ನೇ ಕೊಟ್ಟರು. ಒದ್ದೆ ಮಾಡಿದ ಬಿಳಿ ಸೋಸುಕಾಗದದ ಮೇಲೆ ಚಹಾ ಉದುರಿಸಿ ಸ್ವಲ್ಪ ಹೊತ್ತು ಬಿಡಿರಿ. ಕೂಡಲೇ ಗಾಢ ಬಣ್ಣ ಬಿಟ್ಟರೆ ಕೃತಕ ಬಣ್ಣದ ಸಂಶಯ ಪಡಬೇಕು.

ಹಸಿರು ಚಹಾ ಸರ್ವರೋಗಕ್ಕೂ ಮದ್ದು ಎಂಬ ಜಾಹೀರಾತನ್ನು ನಂಬಬೇಡಿರಿ. ಅದೊಂದು ಹಿತವಾದ ಪೇಯ. ಊಟದೊಡನೆ ಕುಡಿದರೆ ಆಹಾರದ ಕಬ್ಬಿಣಾಂಶ ದೇಹಕ್ಕೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತಹೀನತೆಯುಳ್ಳ ಹೆಣ್ಣುಮಕ್ಕಳು ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರವಿಡಬೇಕು. ಚಹಾವನ್ನು ಗಾಳಿಯಾಡದ ಡಬ್ಬಿಯಲ್ಲಿ, ಉಳ್ಳಾಗಡ್ಡಿ, ಮೆಣಸಿನಕಾಯಿ, ಸೀಮೆಎಣ್ಣೆಗಳಿಂದ ದೂರವಿಡಿರಿ. ಅದು ವಾಸನೆಯನ್ನು ಬೇಗ ಹೀರುತ್ತದೆ.

ನಮ್ಮಲ್ಲಿ ಬೆಳೆಯಬಹುದೇ?

ಬೆಳವಣಕಿಯ ರೈತರೂ ಈ ಪ್ರಶ್ನೆ ಕೇಳಿದರು. ಉತ್ತರ: ಬೇಡ. ಚಹಾಕ್ಕೆ ರಸಸಾರ ೪.೫ರಿಂದ ೫.೫ರ ಹುಳಿ ಮಣ್ಣು, ನೀರು ಬಸಿಯುವ ಇಳಿಜಾರು, ಹೆಚ್ಚು ಮಳೆ ಬೇಕು. ನಮ್ಮ ಎರೆ ಮಣ್ಣಿನ ರಸಸಾರ ೮ ದಾಟುತ್ತದೆ. ಮಳೆ ೬೦೦ ಮಿ.ಮೀ. ಆಸುಪಾಸು. ಕರ್ನಾಟಕದಲ್ಲಿ ಚಹಾ ಇರುವುದು ಚಿಕ್ಕಮಗಳೂರಿನ ಕೆಳಗೂರಿನಂಥ ಮಲೆನಾಡಿನ ಕೆಲವೇ ಕಡೆ. ಯಾರಾದರೂ ಸಸಿ ಮಾರಲು ಬಂದರೆ ಹಣ ಕಳೆದುಕೊಳ್ಳಬೇಡಿರಿ.

ತರಬೇಕಾದದ್ದು ಗಿಡವನ್ನಲ್ಲ, ಪರೀಕ್ಷಾ ಕ್ರಮವನ್ನು. ನಾಲ್ಕೈದು ರೈತರು ಕೂಡಿ ಬಿತ್ತನೆಗೆ ಮೊದಲು ಎರಡು ತಳಿಯ ಬಿಳಿಜೋಳದ ರೊಟ್ಟಿಯನ್ನು ಹೆಸರು ಮರೆಮಾಡಿ ತಿಂದು ನೋಡಿರಿ. ಮೂರು ತುಂಡು ಇಡಿರಿ. ಎರಡು ಒಂದೇ ತಳಿಯವು, ಒಂದು ಬೇರೆ. ಬೇರೆಯದನ್ನು ಗುರುತಿಸಲು ಹೇಳಿರಿ. ಹತ್ತು ಮಂದಿಯಲ್ಲಿ ಮೂವರು ಅದೃಷ್ಟದಿಂದಲೇ ಸರಿ ಹೇಳಬಹುದು. ಏಳು ಮಂದಿ ಸರಿ ಹೇಳಿದರೆ ವ್ಯತ್ಯಾಸ ನಿಜವೆಂದು ತಿಳಿಯಬಹುದು.

ಹೆಸರುಕಾಳಿಗೂ ಹೀಗೆಯೇ ರೂಪ, ಬಣ್ಣ, ವಾಸನೆ, ಕಡಿತ ಎಂದು ನಾಲ್ಕು ಅಂಶ ಬರೆದಿಡಿರಿ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇಕಡ ೧೨ ಮೀರಬಾರದು. ತೇವಮಾಪಕದಲ್ಲಿ ಅಳತೆ ಮಾಡಿಸಿದ ಕಾಳನ್ನು ಅಲ್ಲಿಯೇ ಕಡಿದು ನೋಡಿ, ೧೨ಕ್ಕೆ ಹೇಗಿರುತ್ತದೆ, ೧೫ಕ್ಕೆ ಹೇಗಿರುತ್ತದೆ ಎಂದು ಹಲ್ಲಿಗೆ ರೂಢಿ ಮಾಡಿಸಿರಿ. ಮುಂದಿನ ಸುಗ್ಗಿಯಲ್ಲಿ ಯಾರಾದರೂ "ಹಸಿ ಐತಿ" ಎಂದಾಗ ನೀವೂ ಎರಡು ಕಾಳು ಕಡಿದು, "ಇಲ್ರೀ, ಒಣಗೈತಿ, ಮಾಪಕ ಹಚ್ಚಿ ನೋಡ್ರಿ" ಎಂದು ಹೇಳಬಲ್ಲಿರಿ.